ತೂಬಿನ ಕೆಂಪು ಗೆರೆ

2009ರ ಮಾರ್ಚ್ 21, ಶನಿವಾರ, ಬೆಳಗಿನ 5 ಗಂಟೆ 40 ನಿಮಿಷ. ಬಂದರಿನ ದಕ್ಕೆಯ ಅಂಚಿನಲ್ಲಿ, ತೂಬಿನ ಗೇಟು ಎತ್ತುವ ಕಬ್ಬಿಣದ ಚಕ್ರದ ಪಕ್ಕದಲ್ಲಿ ನಾನು ನಿಂತಿದ್ದೆ. ಚಕ್ರದ ಮೇಲೆ ನನ್ನ ಸೋದರಮಾವನ ಎರಡೂ ಕೈಗಳಿದ್ದವು. ತಿರುಗಿಸಲಿಕ್ಕಲ್ಲ, ನಾನು ತಿರುಗಿಸದಂತೆ ತಡೆಯಲಿಕ್ಕೆ.

ನಮ್ಮ ಬೆನ್ನ ಹಿಂದಿನ ಗೋಡೆಯಾಚೆ ಲಂಗರು ಫುಟ್‌ಬಾಲ್ ತಂಡದ ಮೈದಾನ. ಮೂರು ದಿನ ಸುರಿದ ಮಳೆ ಹಿಂದಿನ ಸಂಜೆ ನಿಂತಿತ್ತಾದರೂ ಬಡಗಣ ಗೋಲಿನ ಮುಂದೆ ನೀರು ಹಾಗೇ ಇತ್ತು. ಅಡಿಪಟ್ಟಿ ಇಳಿಸಿ ನೋಡಿದ್ದೆ: ನಾಲ್ಕು ಸೆಂಟಿಮೀಟರ್. ಮಧ್ಯಾಹ್ನ ಹನ್ನೆರಡಕ್ಕೆ ರೆಫರಿ ಬಂದು ಚೆಂಡು ಉರುಳಿಸಿ ನೋಡುವವರಿದ್ದರು. ಉರುಳದಿದ್ದರೆ ಪಂದ್ಯ ರದ್ದು. ಎರಡು ವರ್ಷಗಳಲ್ಲಿ ಹೀಗೆ ಎರಡು ಪಂದ್ಯ ಕಳೆದುಕೊಂಡಿದ್ದೆವು. ಮೂರನೆಯದೂ ಹೋದರೆ ಮೈದಾನದ ಪರವಾನಗಿಯೇ ಹೋಗುತ್ತದೆಂದು ಲೀಗಿನವರು ಕಾಗದ ಬರೆದಿದ್ದರು. ಆಮೇಲೆ ತಂಡ ಎಪ್ಪತ್ತು ಕಿಲೋಮೀಟರ್ ದೂರದ ಬಾಡಿಗೆ ಮೈದಾನಕ್ಕೆ ಹೋಗಬೇಕು. ಹುಲ್ಲು ನೋಡಿಕೊಳ್ಳುವ ನನಗೆ ಹುಲ್ಲಿಲ್ಲ, ತೂಬು ನೋಡಿಕೊಳ್ಳುವ ಮಾವನಿಗೆ ತೂಬಿಲ್ಲ.

ಈ ತಂಡ ಕಟ್ಟಿದ್ದು ಹಡಗು ದುರಸ್ತಿಯಾಗುವವರೆಗೆ ಕೆಲಸವಿಲ್ಲದೆ ಕೂತ ನೌಕಾದಳದ ನಾವಿಕರು. ನೌಕಾದಳ ಬೇರೆ ಬಂದರಿಗೆ ಹೋಗಿ ಎಷ್ಟೋ ಕಾಲವಾಯಿತು. ಆಟಗಾರರು ಈಗ ಸಂಬಳ ಪಡೆಯುವ ವೃತ್ತಿಯವರು, ಅವರಲ್ಲಿ ಅರ್ಧ ಜನರಿಗೆ ಈಜು ಕೂಡ ಬಾರದು. ಆದರೂ ಅಭ್ಯಾಸಗಳು ಉಳಿದಿವೆ. ನಾವು ಗೋಲು ಹೊಡೆದಾಗ ಹಡಗಿನ ಹಳೆಯ ಗಂಟೆ ಬಾರಿಸುತ್ತೇವೆ. ಮೈದಾನದಲ್ಲಿ ಏನೇ ಮಾಡಿದರೂ ವೇಳೆ ಸಮೇತ ದಿನಚರಿಯಲ್ಲಿ ಬರೆಯುತ್ತೇವೆ. ಕಾವಲಿನಲ್ಲಿರುವವನ ಅಪ್ಪಣೆಯಿಲ್ಲದೆ ತೂಬಿನ ಚಕ್ರವನ್ನು ಯಾರೂ ಮುಟ್ಟುವಂತಿಲ್ಲ.

ತೂಬಿನ ಕೆಲಸ ಸರಳ. ಮೈದಾನದ ಅಡಿಯ ಕೊಳವೆಗಳೆಲ್ಲ ಒಂದು ಕಾಲುವೆಗೆ ಸೇರುತ್ತವೆ, ಕಾಲುವೆಯ ಬಾಯಿ ದಕ್ಕೆಯ ಕೆಳಗೆ ಸಮುದ್ರಕ್ಕೆ ತೆರೆಯುತ್ತದೆ. ಇಳಿತದಲ್ಲಿ ಸಮುದ್ರ ಆ ಬಾಯಿಗಿಂತ ಕೆಳಗಿಳಿದಾಗ ಗೇಟು ತೆರೆದರೆ ಮೈದಾನದ ನೀರು ತಾನಾಗಿ ಹರಿದುಹೋಗುತ್ತದೆ. ಉಬ್ಬರ ಏರುವ ಮೊದಲು ಮುಚ್ಚಬೇಕು. ನೌಕಾದಳದ ಎಂಜಿನಿಯರ್ ಒಬ್ಬರು ಬರೆದಿಟ್ಟ ಆಜ್ಞೆ ಕಚೇರಿಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿದೆ: ಅಳತೆ ಹಲಗೆಯಲ್ಲಿ ನೀರು 1.20 ಮೀಟರಿಗೆ ಇಳಿದಾಗ ತೆರೆಯತಕ್ಕದ್ದು, 1.20ಕ್ಕೆ ಏರಿದಾಗ ಮುಚ್ಚತಕ್ಕದ್ದು.

ಎರಡು ವರ್ಷದ ಹಿಂದೆ ಬಂದರಿನವರು, ಸಮುದ್ರದ ಮಟ್ಟ ತೋರಿಸಲು ದಕ್ಕೆಯ ಬದಿಗಿದ್ದ ಕೊಳೆತ ಅಳತೆ ಹಲಗೆ ಕಿತ್ತು ಹೊಸದನ್ನು ನೆಟ್ಟಿದ್ದರು. ನೌಕಾದಳದಲ್ಲಿ ಹಡಗಿಗೆ ಬಣ್ಣ ಬಳಿಯುವ ಖಲಾಸಿಯಾಗಿದ್ದ ಮಾವ ಅವತ್ತೇ ತಮ್ಮ ಕುಂಚ ತೊಳೆದು, ಹೊಸ ಹಲಗೆಯ 1.20ರ ಮೇಲೆ ಕೆಂಪು ಗೆರೆ ಎಳೆದರು. ಕೂದಲೆಳೆಯಷ್ಟೂ ಆಚೀಚೆಯಾಗದ ಗೆರೆ. ಆಟಗಾರರು ಅರ್ಧ ಪ್ರೀತಿಗೆ, ಅರ್ಧ ಗೇಲಿಗೆ ಅವರನ್ನು ಕಮಾಂಡರ್ ಎನ್ನುವುದು ಇಂಥ ಶಿಸ್ತಿಗಾಗಿಯೇ.

ಆ ವಾರ ನಾನು ಹಳೆಯ ದಿನಚರಿಗಳನ್ನು ಹರವಿಕೊಂಡು ಕೂತಿದ್ದೆ. ಪಂದ್ಯ ರದ್ದಾದ ಎರಡೂ ದಿನ ಅರ್ಧಚಂದ್ರದ ವಾರದಲ್ಲಿ ಬಿದ್ದಿದ್ದವು, ಈ ಶನಿವಾರದಂತೆಯೇ. ಆ ವಾರಗಳಲ್ಲಿ ಸಮುದ್ರ ಹೆಚ್ಚು ಏರುವುದೂ ಇಲ್ಲ, ಹೆಚ್ಚು ಇಳಿಯುವುದೂ ಇಲ್ಲ. ಮೊದಲು ಅಂಥ ವಾರದಲ್ಲೂ ಗೇಟು ಒಂದು ಇಳಿತಕ್ಕೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ತೆರೆದಿರುತ್ತಿತ್ತು. ಹೊಸ ಹಲಗೆ ಬಂದಮೇಲೆ ಒಂದು ಗಂಟೆಯೂ ಇಲ್ಲ. ಚಂದ್ರ ಬದಲಾಗಿರಲಿಲ್ಲ, ಸಮುದ್ರವೂ ಬದಲಾಗಿರಲಿಲ್ಲ. ಬದಲಾದದ್ದು ಹಲಗೆ ಒಂದೇ. ಶುಕ್ರವಾರ ಸಂಜೆ ದೋಣಿಯವನೊಬ್ಬನನ್ನು ಕಾಡಿ ಬೇಡಿ ದಕ್ಕೆಯ ಅಡಿಗೆ ಹೋದೆ. ಸಮುದ್ರ ಕಾಲುವೆಯ ಬಾಯಿಯ ಅಂಚಿಗೆ ಸರಿಯಾಗಿ ಇಳಿದ ಕ್ಷಣದಲ್ಲಿ ಹೊರಬಂದು ಹಲಗೆ ನೋಡಿದರೆ 1.58. ಹೊಸ ಹಲಗೆಯ ಸೊನ್ನೆ ಹಳೆಯದಕ್ಕಿಂತ ಮೂವತ್ತೆಂಟು ಸೆಂಟಿಮೀಟರ್ ಕೆಳಗಿತ್ತು. ನಾವು ಅಂಕಿಯನ್ನು ಕಾಪಾಡಿಕೊಂಡು ಮಟ್ಟವನ್ನು ಕಳೆದುಕೊಂಡಿದ್ದೆವು.

ಇದನ್ನು ಮಾವನಿಗೆ ಶುಕ್ರವಾರ ರಾತ್ರಿ ಊಟದ ಮೇಜಿನ ಮೇಲೆ ಚಿತ್ರ ಬರೆದು ವಿವರಿಸಿದ್ದೆ. ಅವರು ಚಿತ್ರದ ಮೇಲೆ ತಟ್ಟೆ ಇಟ್ಟುಕೊಂಡು ಉಂಡರು. ನಮ್ಮಮ್ಮ ಮಾತ್ರ ತಮ್ಮನ ಕಡೆಯೂ ಸೇರದೆ ಮಗಳ ಕಡೆಯೂ ಸೇರದೆ, ಇಬ್ಬರಿಗೂ ಒಂದೇ ಅಚ್ಚಿನ ತಲೆ, ಒಡೆಯೋದಾದ್ರೆ ಹೊರಗೆ ಹೋಗಿ ಒಡ್ಕೊಳ್ಳಿ ಎಂದಿದ್ದಳು.

ಹಾಗಾಗಿ ಹೊರಗೆ ಬಂದಿದ್ದೆವು. ಹಲಗೆ 1.68 ತೋರಿಸುತ್ತಿತ್ತು.

"ಇನ್ನು ಇಪ್ಪತ್ತು ನಿಮಿಷಕ್ಕೆ ತೆಗೀಬೇಕು ಮಾವ," ಎಂದೆ.

"1.20 ಆಗ್ಲಿ, ತೆಗಿತೀನಿ. ನೀನು ಹುಟ್ಟೋಕೆ ಮುಂಚಿಂದ ತೆಗಿತಿರೋನು ನಾನು. ಸಮುದ್ರದ ನೀರು ಒಳಗೆ ನುಗ್ತು ಅಂದ್ರೆ ನಿನ್ನ ಹುಲ್ಲೆಲ್ಲ ಉಪ್ಪಿನಕಾಯಿ."

ಆ ಭಯ ಸುಳ್ಳಲ್ಲ. ಉಪ್ಪುನೀರು ಒಮ್ಮೆ ಬೇರಿಗೆ ಇಳಿದರೆ ಮೂರು ತಿಂಗಳು ಹುಲ್ಲು ಏಳುವುದಿಲ್ಲ. ನನ್ನ ಅಳತೆ ತಪ್ಪಾಗಿದ್ದರೆ ಪಂದ್ಯದ ಜೊತೆಗೆ ಮೈದಾನವನ್ನೂ ನಾನೇ ಕೊಂದಂತೆ. ಅದಕ್ಕೇ ಶುಕ್ರವಾರ ನೀರು ಇಳಿಯುವಾಗ ಒಮ್ಮೆ, ಏರುವಾಗ ಇನ್ನೊಮ್ಮೆ ಅಳೆದಿದ್ದೆ.

ಆರು ಗಂಟೆಯಾಯಿತು. ಆರೂ ಕಾಲಾಯಿತು. ನೀರು ಹೋಗಬೇಕಾದ ಹೊತ್ತು ನೀರಿನಂತೆ ಹೋಗುತ್ತಿತ್ತು. ವಾದ ಮಾಡಿ ಇವರನ್ನು ಗೆಲ್ಲಲಾಗದು ಎಂದು ತಿಳಿದು, ಚಕ್ರದ ಪಕ್ಕದಲ್ಲಿ ದಕ್ಕೆಯ ನೆಲಕ್ಕೆ ಹಾಸಿದ್ದ ಸಡಿಲ ಮರದ ತುಂಡೊಂದನ್ನು ಎತ್ತಿದೆ. ಕೆಳಗೆ ಕತ್ತಲು, ಪಾಚಿಯ ವಾಸನೆ.

"ನನ್ನ ಮಾತು ನಂಬಬೇಡಿ. ನೀವೇ ನೋಡಿ. ಬಾಯಿ ಮುಳುಗಿದ್ರೆ ನಾನು ಮನೆಗೆ ಹೋಗ್ತೀನಿ."

ಮಂಡಿನೋವಿನ ಮಾವ ಗೊಣಗುತ್ತ ಹೊಟ್ಟೆಯ ಮೇಲೆ ಮಲಗಿ, ಟಾರ್ಚು ಹಿಡಿದು, ತಲೆಯನ್ನು ತೂತಿನೊಳಗೆ ತಲೆಕೆಳಗಾಗಿ ತೂರಿಸಿದರು. ನಾನು ಅವರ ಕಾಲು ಹಿಡಿದುಕೊಂಡೆ. ಒಳಗಿನಿಂದ ದನಿ ಗುಡುಗಿತು:

"ಹಲಗೆ ಎಷ್ಟು ತೋರಿಸ್ತಿದೆ?"

"1.47."

ಮತ್ತೆ ಎಷ್ಟು ಎಂದು ಕೇಳಿದರು. ಮತ್ತೆ ಹೇಳಿದೆ. ಹೊರಗೆ ಬಂದಾಗ ಮುಖ ಕೆಂಪಗಾಗಿತ್ತು. ತಲೆಕೆಳಗಾಗಿದ್ದುದರಿಂದಲೇ ಇರಬೇಕು ಎಂದುಕೊಂಡೆ, ಆದರೆ ಕಣ್ಣುಗಳೂ ಕೆಂಪಾಗಿದ್ದವು. ಆರು ಬೆರಳಗಲ ಎಂದು ಎಣಿಸಿ ತೋರಿಸಿದರು. ಬಾಯಿಯ ಅಂಚು ನೀರಿಗಿಂತ ಅಷ್ಟು ಮೇಲಿತ್ತು.

"ಎರಡು ವರ್ಷ ಮೈದಾನ ಮುಳುಗಿಸಿದ್ದು ನಾನೇನಾ?"

"ನೀವಲ್ಲ ಮಾವ, ಗೆರೆ."

"ಗೆರೆ ಎಳೆದ ಕೈ ಯಾರ್ದು?" ಎಂದರು. ಉತ್ತರಕ್ಕೆ ಕಾಯಲಿಲ್ಲ. ಎದ್ದು ಚಕ್ರ ಹಿಡಿದು, "ಬಾ, ನೀನೂ ಕೈ ಹಾಕು. ಅಪ್ಪಣೆ ಕೊಟ್ಟಿದೀನಿ," ಎಂದರು.

6 ಗಂಟೆ 25 ನಿಮಿಷಕ್ಕೆ ಗೇಟು ಎದ್ದಿತು. ಕಾಲುವೆಯೊಳಗೆ ಮೂರು ದಿನದಿಂದ ಉಸಿರು ಬಿಗಿಹಿಡಿದಿದ್ದ ನೀರು ಹೋ ಎಂದು ಹೊರಬಿತ್ತು. ಮಾವ ದಿನಚರಿ ತೆರೆದು ವೇಳೆ ಬರೆದು, ಕೆಳಗೆ ದುಂಡಗಿನ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದರು: ಎರಡು ವರ್ಷದ ತಪ್ಪು ಗೆರೆ, ಎಳೆದವನು ಕಾವಲುಗಾರ, ಕಂಡುಹಿಡಿದವಳು ಅಕ್ಕನ ಮಗಳು.

ಎಂಟಕ್ಕೆ ಗೋಲಿನ ಮುಂದಿನ ನೀರು ಎರಡು ಸೆಂಟಿಮೀಟರಿಗೆ ಇಳಿಯಿತು. ಒಂಬತ್ತೂವರೆಗೆ ಹುಲ್ಲಿನ ತುದಿಗಳು ಹೊರಬಂದವು. 10 ಗಂಟೆ 20 ನಿಮಿಷಕ್ಕೆ, ಸಮುದ್ರ ಮತ್ತೆ 1.58 ಮುಟ್ಟುವ ಮುನ್ನ, ಗೇಟು ಮುಚ್ಚಿದೆವು. ಆಮೇಲೆ ಕಬ್ಬಿಣದ ಹಲ್ಲುಗಳ ಕವಲುಗೋಲಿನಿಂದ ನೆಲ ಚುಚ್ಚುತ್ತ ಗೋಲಿನ ಮುಂದೆ ನೂರಾರು ತೂತು ಮಾಡಿದೆ. ಉಳಿದ ನೀರು ಗುಟುಕು ಗುಟುಕಾಗಿ ಕೆಳಗಿಳಿಯಿತು.

ಹನ್ನೆರಡಕ್ಕೆ ಬಂದ ರೆಫರಿ ನೇರ ಆ ಜಾಗಕ್ಕೇ ನಡೆದರು. ನಮ್ಮ ಅಧ್ಯಕ್ಷರು ರದ್ದಿನ ಸುದ್ದಿ ಹೇಳಲು ಫೋನು ಕೈಯಲ್ಲೇ ಹಿಡಿದಿದ್ದರು. ರೆಫರಿ ಚೆಂಡನ್ನು ಮೆಲ್ಲಗೆ ಒದ್ದರು. ಅದು ಉರುಳಿತು, ಎಲ್ಲೂ ತಡೆಯದೆ ಗೋಲಿನ ಗೆರೆ ದಾಟಿ ಬಲೆಗೆ ತಾಗಿ ನಿಂತಿತು. ಅವರು ಬೂಟಿನ ಅಡಿ ನೋಡಿಕೊಂಡು, ನಾಲ್ಕಕ್ಕೆ ಸಿಗೋಣ ಎಂದಷ್ಟೇ ಹೇಳಿ ಹೋದರು. ಅಧ್ಯಕ್ಷರು ಫೋನನ್ನು ಜೇಬಿಗೆ ಹಾಕಲು ಮೂರು ಸಲ ಪ್ರಯತ್ನಿಸಿದರು.

ಎದುರಾಳಿಗಳು ಲೀಗಿನ ಪಟ್ಟಿಯಲ್ಲಿ ಮೊದಲನೆಯವರು. ಎಂಬತ್ತು ನಿಮಿಷ ಯಾರಿಗೂ ಗೋಲಿಲ್ಲ. ಎಂಬತ್ತಮೂರನೆಯ ನಿಮಿಷದಲ್ಲಿ ನಮ್ಮ ಎಡಬದಿಯ ಗಿಡ್ಡ ಆಟಗಾರ ಇಬ್ಬರನ್ನು ದಾಟಿ, ಬಡಗಣ ಗೋಲಿನ ಮುಂದಕ್ಕೆ ನೆಲಕ್ಕಂಟಿದ ಚೆಂಡು ಕಳಿಸಿದ. ಎರಡು ವರ್ಷ ಅಭಿಮಾನಿಗಳು ಕೊಳ ಎಂದು ಹಂಗಿಸುತ್ತಿದ್ದ ಜಾಗ ಅದು. ಚೆಂಡು ಆ ಕೊಳದ ಮೇಲೆ ಗೆರೆ ಎಳೆದಂತೆ ನೇರವಾಗಿ ಓಡಿತು. ಏಣಿ ಎಂದು ಕರೆಸಿಕೊಳ್ಳುವ ನಮ್ಮ ಉದ್ದನೆಯ ಮುಂಚೂಣಿ ಆಟಗಾರ ಕಾಲು ಚಾಚಿದ. ಬಲೆ ಉಬ್ಬಿತು.

ಇಡೀ ಮೈದಾನ ಎದ್ದು ನಿಂತು ಲಂಗರು ಲಂಗರು ಎಂದು ಕೂಗತೊಡಗಿತು. ಗಂಟೆಯ ಹಗ್ಗ ಯಾವಾಗಲೂ ಮಾವನ ಕೈಯಲ್ಲಿರುತ್ತದೆ. ಅವರು ಅದನ್ನು ಬಾರಿಸದೆ ಜನರ ನಡುವೆ ನನ್ನನ್ನು ಹುಡುಕಿ ತಂದು, ಹಗ್ಗವನ್ನು ನನ್ನ ಅಂಗೈಗೆ ಸುತ್ತಿದರು.

"ಬಾರಿಸೇ, ಅಡಿಪಟ್ಟಿ. ಕೈ ನೋಯೋ ತನಕ ಬಾರಿಸು."

ಕೈ ನೋಯುವವರೆಗೆ ಬಾರಿಸಿದೆ. ಒಂದು-ಸೊನ್ನೆಯಿಂದ ಗೆದ್ದೆವು.

ಭಾನುವಾರ ಬೆಳಿಗ್ಗೆ ಮಾವ ಕುಂಚ, ಮರಳುಕಾಗದ ಹಿಡಿದು ಇಳಿತಕ್ಕೆ ಕಾಯುತ್ತ ಕೂತಿದ್ದರು. ಹಳೆಯ ಗೆರೆಯನ್ನು ಗುರುತೇ ಸಿಗದಂತೆ ಉಜ್ಜಿ ತೆಗೆದರು. ಹೊಸದನ್ನು ಎಳೆಯುವ ಮೊದಲು ಮತ್ತೊಮ್ಮೆ ಅಳೆ ಎಂದರು, ಅಳೆದ ಮೇಲೆ ಇನ್ನೊಮ್ಮೆ ಎಂದರು. ಈ ಸಲ ನಾನು ದೋಣಿಯಲ್ಲಿದ್ದೆ, ಅಂಕಿ ಓದಿದವರು ಅವರು. ಕೆಂಪು ಗೆರೆ ಈಗ ಇರುವುದು 1.58 ಮೀಟರಿನಲ್ಲಿ.