ತ್ರ್ಯಂಬಕ ಮಾಸ್ತರರ ನೆತ್ತರು

ತ್ರ್ಯಂಬಕ ಮಾಸ್ತರರು ಯಾವುದನ್ನೇ ಲಕ್ಷ್ಯಗೊಟ್ಟು ನೋಡಬೇಕಾದರೂ ಎಡಗಣ್ಣನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷ ಸೂಕ್ಷ್ಮದರ್ಶಕದ ನಳಿಗೆಗೆ ಬಲಗಣ್ಣಿಟ್ಟು ಬಂದ ಅಭ್ಯಾಸ ಅದು. ಪತ್ರಿಕೆ ಓದುವಾಗ, ಎದುರಿಗೆ ಬಂದವರ ಗುರುತು ಹಿಡಿಯುವಾಗ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅದು ಅವರನ್ನು ಬಿಡಲಿಲ್ಲ. ಒಮ್ಮೆ ಕಾಯಿಪಲ್ಲೆ ಮಾರುವ ಮರೆವ್ವ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡು, "ಈ ವಯಸ್ಸಿನ್ಯಾಗ ಕಣ್ಣ ಹೊಡೀತೀರೇನ್ರಿ?" ಎಂದು ಜಗಳಕ್ಕೇ ನಿಂತಿದ್ದಳು. ಮಾಸ್ತರರು ಎರಡೂ ಕಣ್ಣು ತೆರೆದು, ಕೈಮುಗಿದು, ಬದನೆಕಾಯಿ ಬಿಟ್ಟು ಬಂದರು.

ರಾಮದುರ್ಗದ ಅದೇ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಶಿಕ್ಷಕರ ಕೋಣೆಯಲ್ಲಿ ಒಂಬತ್ತು ವರ್ಷ ಅವರ ಪಕ್ಕದ ಕುರ್ಚಿ ನನ್ನದು. ಮೊಣಕಾಲಿಗೆ ತಾಗುವ ಕರಿಯ ಕೋಟು, ಅದರ ಬಲಗಿಸೆಯ ಅಂಚಿಗೆ ಎಷ್ಟು ಒಗೆದರೂ ಹೋಗದ ನೇರಳೆ ಬಣ್ಣದ ಕಲೆ, ಎಡಹೆಗಲು ತುಸು ವಾಲಿಸಿ ಗೋಡೆಯ ನೆರಳಿನಗುಂಟ ನಡೆಯುವ ನಡಿಗೆ ಅವರದು. ತಂದೆ ವೆಂಕಣ್ಣ ಭಟ್ಟರು ಮನೆಮನೆಗೆ ಹೋಗಿ ಪುರಾಣ ಹೇಳಿದವರು. ಮಗ ಅದೇ ಏರಿಳಿತದ ಧ್ವನಿಯಲ್ಲಿ ಜೀವಕೋಶದ ಪಾಠ ಹೇಳುತ್ತಿದ್ದರು. ನನ್ನ ತರಗತಿಯ ಗೋಡೆಯಾಚೆಯಿಂದ ಅದು ವರ್ಷವರ್ಷವೂ ಕೇಳಿಬರುತ್ತಿತ್ತು: "ಇದು ಪೊರೆ. ಯಾರನ್ನ ಒಳಗ ಬಿಡಬೇಕು, ಯಾರನ್ನ ಹೊರಗ ಹಾಕಬೇಕು ಅಂತ ಇದಕ್ಕ ಗೊತ್ತದ. ಇದು ಕೋಶಕೇಂದ್ರ. ಎಷ್ಟು ಬೆಳೀಬೇಕು, ಯಾವಾಗ ಒಡದು ಎರಡಾಗಬೇಕು, ಯಾವಾಗ ಸಾಕು ಅನಬೇಕು ಅಂತ ಹೇಳೋದು ಇದರ ಕೆಲಸ."

ಸಂಸ್ಥಾನದ ಕಾಲದ ಹಿತ್ತಾಳೆಯ ಸೂಕ್ಷ್ಮದರ್ಶಕವೊಂದೇ ಶಾಲೆಯಲ್ಲಿತ್ತು. ನಲವತ್ತು ಮಕ್ಕಳು ಸಾಲಾಗಿ ಬಂದು ಅದರಲ್ಲಿ ನೋಡಿ, ಹೋಗಿ ಚಿತ್ರ ತೆಗೆಯಬೇಕು. ಈರುಳ್ಳಿಯ ಸಿಪ್ಪೆಯಾಗಲಿ, ಕೆನ್ನೆಯೊಳಗಿನ ಲೋಳೆಯಾಗಲಿ, ಕಂಡದ್ದನ್ನೇ ತೆಗೆಯಬೇಕೆಂಬುದು ಅವರ ಹಟ. ಪುಸ್ತಕದ ಚಿತ್ರವನ್ನು ಅಂದವಾಗಿ ಇಳಿಸಿದವರಿಗೆ ಸೊನ್ನೆ, ಗಾಳಿಗುಳ್ಳೆಯನ್ನೂ ಬಿಡದೆ ವಕ್ರವಕ್ರವಾಗಿ ತೆಗೆದವರಿಗೆ ಪೂರ್ಣ ಗುಣ. ನೆತ್ತರಿನ ಪಾಠಕ್ಕೆ ಪ್ರತಿವರ್ಷ ತಮ್ಮದೇ ಬೆರಳಿಗೆ ಸೂಜಿ ಚುಚ್ಚಿಕೊಂಡು, ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಇಡುತ್ತಿದ್ದರು. "ಹೆರವರ ಕೂಸುಗಳ ನೆತ್ತರ ತಗೀಲಿಕ್ಕೆ ನಮಗೇನು ಅಧಿಕಾರ ಅದ?" ಎನ್ನುತ್ತಿದ್ದರು.

ಎಪ್ಪತ್ಮೂರನೆಯ ಇಸವಿಯ ಶ್ರಾವಣದಲ್ಲಿ, ಹಾಗೆ ಇಟ್ಟ ಗಾಜನ್ನು ನೋಡಿ ಹತ್ತನೆಯ ತರಗತಿಯ ಸೈದಾಬಿ ತಲೆಯೆತ್ತದೆಯೇ ಹೇಳಿದಳಂತೆ: "ಸರ್, ಬಿಳೀವ ಭಾಳ ಕಾಣಾಕತ್ತಾವ್ರಿ. ನೀವು ಒಂದೆರಡ ಸಿಗತಾವ ಅಂದಿದ್ರಿ."

ಮಾಸ್ತರರು ಬಾಗಿ ನೋಡಿದರು. ಕೆಂಪು ಕಣಗಳ ನಡುವೆ ಅಪರೂಪಕ್ಕೊಂದು ಇರಬೇಕಾದ ಬಿಳಿಯ ಕಣಗಳು ಹಿಂಡುಹಿಂಡಾಗಿ ನೆರೆದಿದ್ದವು. ಬಹಳಷ್ಟು ಬಲಿಯದ ಎಳೆಯವು, ಕೋಶಕೇಂದ್ರವೇ ಮೈತುಂಬ ತುಂಬಿಕೊಂಡಂಥವು. ಆರು ತಿಂಗಳಿಂದ ಎಡಪಕ್ಕೆಯ ಕೆಳಗೆ ಕಲ್ಲಿಟ್ಟ ಹಾಗೆ ಭಾರ, ಸಂಜೆಯ ಬೆವರು, ಸಡಿಲಗೊಳ್ಳುತ್ತಿದ್ದ ಕೋಟು, ಎಲ್ಲದರ ಅರ್ಥ ಆ ಒಂದು ನೋಟದಲ್ಲಿ ಅವರಿಗೆ ತಿಳಿಯಿತು. ಗಾಜನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡು, "ಬಣ್ಣ ಹೆಚ್ಚಾಗೇದ. ಪುಸ್ತಕದಾಗ ನೋಡಿ ತಗೀರಿ" ಎಂದರು. ಆ ಮಾತನ್ನು ಅವರು ಯಾವ ತರಗತಿಗೂ ಹಿಂದೆ ಹೇಳಿರಲಿಲ್ಲ.

ಅಂದು ಸಂಜೆ ಮಲಪ್ರಭೆಯ ದಂಡೆಯ ಮೇಲೆ ನನಗೊಬ್ಬನಿಗೇ ಹೇಳಿದರು. ಮರುವಾರ ಮಿರಜಿಗೆ ಹೋಗಿ ಬಂದರು. ಅಲ್ಲಿಯ ವೈದ್ಯರು ಹೇಳಿದ್ದೂ ಅದನ್ನೇ, ರಕ್ತದ ಕ್ಯಾನ್ಸರು. ಗುಳಿಗೆ ನುಂಗಿದರೆ ಎರಡು ವರ್ಷ, ಹೆಚ್ಚೆಂದರೆ ಮೂರು. ಒಬ್ಬಳೇ ಮಗಳು ವತ್ಸಲೆಯ ಮದುವೆ ಮುರಗೋಡದ ಮನೆತನವೊಂದಕ್ಕೆ ನಿಶ್ಚಯವಾಗಿ, ಮಾರ್ಗಶಿರದಲ್ಲಿ ಮುಹೂರ್ತವಿತ್ತು.

"ಅಲ್ಲೀತನಕಾ ಯಾರಿಗೂ ತಿಳೀಬಾರದು" ಎಂದರು ಮಾಸ್ತರರು. "ಇದು ತಂದಿಯಿಂದ ಮಕ್ಕಳಿಗೆ ಬರೂ ಬ್ಯಾನಿ ಅಲ್ಲ. ಆದ್ರ ಮಂದಿಗೆ ಹ್ಯಾಂಗ ತಿಳಿಸೋದು?"

ನಾನು ಆಗಲೆಂದೆ. ಯಾರಾದರೂ ಹಾಗೆಯೇ ಅನ್ನುತ್ತಿದ್ದರು.

ತರಗತಿಯ ವಹಿಗಳು ತಿದ್ದಲು ಬಂದವು. ಎಲ್ಲರೂ ಪುಸ್ತಕ ನೋಡಿ ತೆಗೆದಿದ್ದರು. ಸೈದಾಬಿಯ ವಹಿಯಲ್ಲಿ ಮಾತ್ರ ಆ ಬಿಳಿಯ ಕಣಗಳ ಜಾತ್ರೆ, ಒಂದೊಂದರ ಆಕಾರವೂ ಕಂಡಂತೆಯೇ. ಮಾಸ್ತರರು ಬಹಳ ಹೊತ್ತು ಎಡಗಣ್ಣು ಮುಚ್ಚಿ ಅದನ್ನು ನೋಡಿದರು. ಆಮೇಲೆ ಕೆಂಪು ಪೆನ್ಸಿಲಿನಿಂದ ಮೂಲೆಯಿಂದ ಮೂಲೆಗೆ ಗೀಟೆಳೆದು, 'ತಪ್ಪು. ಮತ್ತೆ ತೆಗೆ' ಎಂದು ಬರೆದರು. ಅದನ್ನು ನಾನು ಪಕ್ಕದಲ್ಲಿ ಕುಳಿತೇ ನೋಡಿದೆ.

ದೀಪಾವಳಿಯ ಸೂಟಿ ಮುಗಿದ ಮೇಲೆ ಅವಳ ತಂದೆ ಮೆಹಬೂಬಸಾಬ ಶಾಲೆಗೆ ಬಂದ. ಸವದತ್ತಿಯ ದಾರಿಯಲ್ಲಿ ಬಸ್ಸು ಹೊಡೆಯುವವನು, ಮಾತು ಕಡಿಮೆ. ಬಾಗಿಲಲ್ಲೇ ನಿಂತು, "ಹುಡುಗೀನ್ನ ಸಾಲಿ ಬಿಡಸತೇನ್ರಿ ಮಾಸ್ತರ" ಎಂದ. "ಕಣ್ಣ ಕೆಟ್ಟಾವಂತ. ಕಂಡದ್ದೆಲ್ಲಾ ತಪ್ಪು ಕಾಣತೈತಿ ಅಂತ ಅಳತೈತ್ರಿ. ಓದಿ ಓದಿ ಕುರುಡಾದ್ರ ನಾಳೆ ಯಾರ ಮಾಡ್ಕೋತಾರ್ರಿ ಅದನ್ನ?"

ಸೈದಾಬಿ ತಂದೆಯ ಹಿಂದೆ ನಿಂತಿದ್ದಳು. ಮಾಸ್ತರರು ಅವಳ ವಹಿ ಕೇಳಿದರು. ಹಿಂದಿನ ದಿನದ ಈರುಳ್ಳಿ ಸಿಪ್ಪೆಯ ಚಿತ್ರ ಪುಸ್ತಕದ್ದನ್ನೇ ಒತ್ತಿದ ಹಾಗೆ ಇತ್ತು.

"ನೋಡಿ ತಗದೀಯೇನು?"

"ಇಲ್ರಿ ಸರ್. ನಾ ನೋಡಿದ್ದು ತಪ್ಪಿರತೈತ್ರಿ."

ಮಾಸ್ತರರು ಎದ್ದು ಅವರಿಬ್ಬರನ್ನೂ ಕರೆದುಕೊಂಡು ತರಗತಿಗೆ ಹೋದರು. ನಾನು ಹಿಂದೆಯೇ ಹೋದೆ. ನಲವತ್ತು ಮಕ್ಕಳ ಎದುರು, ತಂದೆಯ ಎದುರು, ಅವರು ಹೇಳಿದ್ದು ನನಗೆ ಇಂದಿಗೂ ಬಾಯಿಪಾಠವಿದೆ: "ಈ ಹುಡುಗಿ ತಗದದ್ದು ಖರೇ ಇತ್ತು. ಅದು ನನ್ನ ನೆತ್ತರು, ಅದರಾಗ ರೋಗ ಅದ. ಸಾಕು ಅನ್ನೋದು ಮರತ ಕೋಶಗಳು ಅವು. ನಾನು ಅಂಜಿ ತಪ್ಪು ಅಂತ ಬರದೆ. ಮೆಹಬೂಬಸಾಬ, ನಿನ್ನ ಮಗಳ ಕಣ್ಣು ಈ ಸಾಲ್ಯಾಗ ಎಲ್ಲಾರಿಗಿಂತ ಚಲೋ ಅವ."

ಮೆಹಬೂಬಸಾಬ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತುಬಿಟ್ಟ. ಸೈದಾಬಿ ಅಳಲಾರಂಭಿಸಿದಳು.

ಸುದ್ದಿ ಆ ದಿನವೇ ಊರೆಲ್ಲ ಹಬ್ಬಿತು, ನಾಲ್ಕನೆಯ ದಿನ ಮುರಗೋಡ ಮುಟ್ಟಿತು. ವರನ ಸೋದರಮಾವ ಬಂದು ಪಡಸಾಲೆಯಲ್ಲಿ ಕುಳಿತ. ಇದು ತಂದೆಯಿಂದ ಮಕ್ಕಳಿಗೆ ಇಳಿಯುವಂಥದ್ದಲ್ಲ, ಎಲುಬಿನೊಳಗಿನ ಯಾವುದೋ ಒಂದು ಕೋಶ ಕೆಟ್ಟು, ಅದರ ಸಂತಾನ ಮಾತ್ರ ಬೆಳೆದದ್ದು ಎಂದು ಮಾಸ್ತರರು ಕಾಗದದ ಮೇಲೆ ಚಿತ್ರ ಬಿಡಿಸಿ ಬಿಡಿಸಿ ವಿವರಿಸಿದರು. ಆತ ತಾಳ್ಮೆಯಿಂದ ಕೇಳಿ, ಚಹಾ ಮುಗಿಸಿ, "ನೀವು ಭಾಳ ದೊಡ್ಡ ಮಂದಿ ಮಾಸ್ತರ, ಖರೇ. ಆದ್ರ ರಕ್ತದ ಮಾತು ಅದ" ಎಂದು ಎದ್ದು ಹೋದ.

ಹೆಂಡತಿ ಸುಂದರಾಬಾಯಿ ಒಳಗಿನಿಂದ ಬಂದು ಒಂದೇ ಮಾತು ಕೇಳಿದರು: "ಪರರ ಹುಡುಗಿ ಕಣ್ಣೀರು ಕಂಡಿತು, ನಮ್ಮ ಹುಡುಗೀದು ಕಾಣಲಿಲ್ಲೇನು ನಿಮಗ?" ಆಮೇಲೆ ಎರಡೂವರೆ ವರ್ಷ ಆಕೆ ಹೊತ್ತುಹೊತ್ತಿಗೆ ಗುಳಿಗೆ ಕೊಟ್ಟರು, ಗಂಜಿ ಕೊಟ್ಟರು, ಮೈ ಒರೆಸಿದರು. ಮಾತು ಮಾತ್ರ ಕೊಡಲಿಲ್ಲ. ಎಪ್ಪತ್ತಾರರ ಬೇಸಗೆಯಲ್ಲಿ ಮಾಸ್ತರರು ತೀರಿಕೊಂಡಾಗ ಊದಿಕೊಂಡ ಹೊಟ್ಟೆಯೊಂದನ್ನು ಬಿಟ್ಟು ಮೈಯಲ್ಲಿ ಏನೂ ಉಳಿದಿರಲಿಲ್ಲ.

ಸೈದಾಬಿ ಮ್ಯಾಟ್ರಿಕ್ ಮುಗಿಸಿದಳು, ವಿಜ್ಞಾನದಲ್ಲಿ ಶಾಲೆಗೇ ಮೊದಲಿಗಳಾಗಿ. ಮರುವರ್ಷ ಮದುವೆಯಾಗಿ ಬೈಲಹೊಂಗಲಕ್ಕೆ ಹೋದಳು, ಓದು ಅಲ್ಲಿಗೆ ನಿಂತಿತು. ವತ್ಸಲೆಗೆ ಮತ್ತೆ ಸಂಬಂಧಗಳು ಬರಲಿಲ್ಲ. ಸವದತ್ತಿಯಲ್ಲಿ ಪ್ರಾಥಮಿಕ ಶಾಲೆಯ ಕೆಲಸ ಹಿಡಿದು ತಾಯಿಯನ್ನು ಕರೆದೊಯ್ದಳು. ಕಳೆದ ವರ್ಷ ಅಲ್ಲಿಯ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, ತಂದೆಯ ಮೇಲೆ ಸಿಟ್ಟಿದೆಯೇ ಎಂದು ಕೇಳಬಾರದ್ದನ್ನು ಕೇಳಿಬಿಟ್ಟೆ. "ಅದ ರೀ ಕಾಕಾ" ಎಂದಳು. "ಹುಡುಗರ ಪಾಟಿ ತಿದ್ದೂವಾಗ ಮಾತ್ರ ಸಿಟ್ಟು ಇರೂದಿಲ್ಲ."

ಇಂಥವರನ್ನು ಧೀರರೆಂದು ನಾವು ಹೊಗಳುತ್ತೇವೆ; ಅದು ನಿಜವಲ್ಲ. ಅವರೂ ಎಲ್ಲರಂತೆ ಅಂಜುತ್ತಾರೆ, ಅಂಜಿ ಸುಳ್ಳಾಡುತ್ತಾರೆ. ಆದರೆ ಆಡಿದ ಸುಳ್ಳಿನೊಡನೆ ಸಂಸಾರ ಮಾಡುವ ಕಸುವು ಮಾತ್ರ ಅವರಿಗಿರುವುದಿಲ್ಲ. ಆ ಕಸುವು ನಮಗುಂಟು, ಅದರಿಂದಲೇ ನಮ್ಮ ಮನೆಗಳು ನೆಟ್ಟಗಿವೆ. ಅವರ ನಿಜಕ್ಕೆ ದಂಡ ತೆರುವವರು ಹೆಚ್ಚಾಗಿ ಅವರದೇ ಮನೆಯ ಹೆಣ್ಣುಮಕ್ಕಳು. ಇದನ್ನೆಲ್ಲ ಬಲ್ಲ ನಾನು ಅಂಥವರ ಮನೆಗೆ ಮಗಳನ್ನು ಕೊಡಲು ಹತ್ತು ಸಲ ಯೋಚಿಸುವವನು. ಆದರೂ ಅದೇ ಮಗಳನ್ನು ಶಾಲೆಗೆ ಕಳಿಸುವ ದಿನ, ಅಲ್ಲಿ ಅಂಥವರೊಬ್ಬರು ಇರಲೆಂದು ಹಾರೈಸಿದವನು.