ಬಾಗಿಲ ಪಕ್ಕದ ಪ್ಲಗ್ಗು

“ಗಾಡಿನಾ ಇದು, ಕೊಚ್ಚೇಲಿ ಹೊರಳಾಡಿದ ಎಮ್ಮೆನಾ? ಏಯ್, ನಿನ್ನೇ ಕೇಳ್ತಿರೋದು! ಕಿವೀಲಿ ಹತ್ತಿ ತುರುಕ್ಕೊಂಡಿದೀಯಾ?”

ಅಕ್ಕ ಹೆಲ್ಮೆಟ್ ತೆಗೆದಳು. ಹತ್ತಿ ಇರಲಿಲ್ಲ, ಕೆಸರಿತ್ತು, ಅದೂ ಕಿವಿಯ ತನಕ.

“ರಸ್ತೆ ಹಂಗಿದೆ ಸಾರ್. ಹಾರಿಸ್ಕೊಂಡು ಬರೋಣ ಅಂದ್ರೆ ಗಾಡಿಗೆ ರೆಕ್ಕೆ ಕೊಟ್ಟಿಲ್ಲ ನೀವು.”

“ಬಾಯಿ ನೋಡು! ಪಾರ್ಸೆಲ್ ಹಂಚೋ ಹೆಂಗಸಿಗೆ ಇಷ್ಟುದ್ದ ನಾಲಿಗೆ. ನಾಳೆ ಓನರ್ ಬರ್ತಾರೆ. ಒಂದೊಂದು ಗಾಡೀಲೂ ಮುಖ ನೋಡ್ಕೊಳೋ ಹಂಗಿರ್ಬೇಕು. ತಗೋ ಪೈಪು.”

ಹೀಗೆ ಒದರುತ್ತಿದ್ದವನು ನಮ್ಮ ಶೆಡ್ಡಿನ ಮ್ಯಾನೇಜರ್. ಕರೆಂಟಿನ ಸ್ಕೂಟರುಗಳನ್ನು ನಮಗೆ ಬಾಡಿಗೆಗೆ ಕೊಟ್ಟು, ಅವುಗಳಲ್ಲೇ ನಮ್ಮಿಂದ ಊರಿಡೀ ಪಾರ್ಸೆಲ್ ಹಂಚಿಸುವ ಶೆಡ್ಡು ಅದು. ಬೈಗುಳದ ನಡುನಡುವೆ ಉಪದೇಶ ಹೇಳುವ ಚಟವಿದ್ದುದರಿಂದ ನಾವು ಅವನಿಗೆ ನೀತಿಪಾಠ ಎಂದು ಹೆಸರಿಟ್ಟಿದ್ದೆವು. ಅಕ್ಕನಿಗೆ ಅಡ್ಡಹೆಸರಿಡುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ. ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎನ್ನುತ್ತಿದ್ದರು.

ಪೈಪು ಎಂದರೆ ಗಿಡಕ್ಕೆ ನೀರು ಬಿಡುವ ಪೈಪಲ್ಲ. ಮೋಟಾರು ಕಟ್ಟಿದ್ದು, ಲಾರಿಯ ಚಕ್ರಕ್ಕೆ ಅಂಟಿದ ಮಣ್ಣನ್ನೂ ಎಬ್ಬಿಸುವಂಥದ್ದು. ಅಕ್ಕ ಅದನ್ನು ಮುಟ್ಟದೆ ಗೋಡೆಯ ಕಡೆ ಗದ್ದ ಎತ್ತಿದಳು. ಅಲ್ಲೊಂದು ಬಣ್ಣದ ಬೋರ್ಡಿತ್ತು: ‘ರಭಸದ ನೀರಿನಿಂದ ತೊಳೆಯಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ.’ ಬರೆಸಿದವನು ನೀತಿಪಾಠನೇ.

“ಅಲ್ಲಿ ಬೇಡ ಅಂತ ಬರ್ದಿದೆ ಸಾರ್.”

“ಅದು ಗೋಡೆಗೆ ಬರ್ದಿರೋದು. ನಿನಗೆ ಬಾಯಲ್ಲಿ ಹೇಳ್ತಿದೀನಲ್ಲ?”

ತೊಳೆದೆವು. ಸೀಟಿನ ಕೆಳಗೆ ಬ್ಯಾಟರಿ ಕೂರುವ ಪೆಟ್ಟಿಗೆಯ ಸಂದಿಯಿಂದ ನೀರು ತೊಟ್ಟಿಕ್ಕುವವರೆಗೂ ತೊಳೆದೆವು. ಮಾರನೆಯ ದಿನ ಓನರ್ ಬರಲಿಲ್ಲ. ಫೋಟೋ ಕಳಿಸಿ ಸಾಕು ಎಂದರಂತೆ.

ಫೋಟೋಗೆ ಮೆಚ್ಚುಗೆ ಬಂದಿರಬೇಕು. ಅದೇ ಖುಷಿಯಲ್ಲಿ ನೀತಿಪಾಠ ನಮಗೊಂದು ಪಾಠ ಇಟ್ಟ. ವಿಷಯ, ಗಾಡಿಯ ಆರೈಕೆ. ಶೆಡ್ಡಿನ ನೆರಳಲ್ಲಿ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಒಳಗೆ ಜಾಗ ಉಳಿಯದ್ದರಿಂದ ನಾವು ಎದುರಿಗೆ, ಬಿಸಿಲಲ್ಲಿ ನಿಂತೆವು. ಅವನು ಒಂದು ಬ್ಯಾಟರಿಯ ನೆತ್ತಿ ಸವರುತ್ತಾ ಶುರುಮಾಡಿದ.

“ಬ್ಯಾಟರಿ ಅಂದ್ರೆ ಹೆತ್ತ ಮಗು ಇದ್ದಂಗೆ. ಬಿಸಿಲಲ್ಲಿ ನಿಲ್ಲಿಸ್ಬಾರ್ದು.”

“ಹೆತ್ತೋರನ್ನ ನಿಲ್ಲಿಸ್ಬೋದು” ಎಂದಿತು ಹಿಂದಿನಿಂದ ಒಂದು ದನಿ.

“ಯಾವನದು ಕಿಸಿಯೋದು? ಕೇಳಿ. ದಣಿದು ಬಂದ ತಕ್ಷಣ ಚಾರ್ಜಿಗೆ ಹಾಕ್ಬಾರ್ದು. ಮೈ ತಣ್ಣಗಾಗೋವರ್ಗೂ ಸುಮ್ನೆ ಬಿಡ್ಬೇಕು. ಪೂರ್ತಿ ಸುಸ್ತಾಗೋಕೆ ಬಿಡ್ಬಾರ್ದು. ಮಿತಿ ಮೀರಿ ಭಾರ ಹೇರ್ಬಾರ್ದು. ಪೆಟ್ಟು ಬಿದ್ರೆ, ಉಬ್ಬಿದ್ರೆ, ವಾಸನೆ ಬಂದ್ರೆ, ಅಲ್ಲಿಗೇ ಕೆಲಸ ನಿಲ್ಲಿಸಿ ನನಗೆ ಹೇಳ್ಬೇಕು.”

ಮೆಕ್ಯಾನಿಕ್ ಮಾವ ನನ್ನ ಕಿವಿಗೆ ಬಾಯಿ ತಂದ. “ಮುಂದಿನ ಜನ್ಮ ಅಂತಿದ್ರೆ ಬ್ಯಾಟರಿ ಆಗಿ ಹುಟ್ಬೇಕು ಕಣಪ್ಪ. ಮೊನ್ನೆ ನಾನು ಬಿದ್ದು ಮೊಣಕಾಲು ಉಬ್ಬಿದಾಗ, ಈ ಬೋಳಿಮಗ ಕುಂಟ್ಕೊಂಡೇ ಬಾ ಅಂದ.”

ಅಕ್ಕ ಕೈ ಎತ್ತಿದಳು. “ಸಾರ್, ತಣ್ಣಗಾಗೋವರ್ಗೂ ಕಾಯ್ತಾ ಕೂತ್ರೆ ಐಡಿ ಬ್ಲಾಕ್ ಮಾಡ್ತೀರ. ಐಡಿ ಹೋದ್ರೆ ಕೆಲಸ ಹೋಯ್ತು. ಮಗೂನ ಮಲಗಿಸ್ಲಾ, ಓಡಿಸ್ಲಾ?”

“ಅದು ನಿಮ್ಮ ಜಾಣತನಕ್ಕೆ ಬಿಟ್ಟಿದ್ದು” ಎಂದು ನೀತಿಪಾಠ ತನ್ನ ಗಾಜಿನ ಕೋಣೆಗೆ ಹೋದ. ಅಲ್ಲಿ ತಂಪಿತ್ತು.

ಮೊದಲು ಶೆಡ್ಡಿನಲ್ಲೇ ಬ್ಯಾಟರಿ ಚಾರ್ಜಿಗೆ ಹಾಕಲು ಪ್ಲಗ್ಗುಗಳ ಸಾಲಿತ್ತು. ಒಂದು ದಿನ ಅಲ್ಲೊಂದು ಬ್ಯಾಟರಿ ಹೊಗೆಯಾಡಿತು. ವಿಮೆಯವರು ಬಂದು ಮೂಗು ಮುಚ್ಚಿಕೊಂಡು ನೋಡಿ ಹೋದರು. ಮರುವಾರ ಪ್ಲಗ್ಗುಗಳನ್ನೆಲ್ಲ ಕಿತ್ತರು. ಅಪಾಯವನ್ನು ಹಂಚಿಕೊಂಡು ಒಯ್ಯಿರಿ ಎಂದು ಯಾರೂ ಹೇಳಲಿಲ್ಲ. ಬ್ಯಾಟರಿಯನ್ನು ಮನೆಗೆ ಒಯ್ಯಿರಿ ಎಂದರು. ಕರೆಂಟಿನ ಬಿಲ್ಲು ಸಹ ನಮ್ಮದೇ. ಉಳಿದದ್ದು ಒಂದೇ ಪ್ಲಗ್ಗು, ನೀತಿಪಾಠನ ಕೋಣೆಯ ಬಾಗಿಲ ಪಕ್ಕದ್ದು. ಅದರಲ್ಲಿ ಅವನ ಫೋನು ಚಾರ್ಜಾಗುತ್ತಿತ್ತು.

ಅಕ್ಕನ ಮನೆಯಲ್ಲೂ ಪ್ಲಗ್ಗು ಬಾಗಿಲ ಪಕ್ಕದಲ್ಲೇ. ಮನೆ ಎಂದರೆ ಒಂದು ಕೋಣೆ, ಒಂದು ಬಾಗಿಲು, ತೆಗೆಯಲು ಬಾರದ ಒಂದು ಕಿಟಕಿ. ಒಳಮೂಲೆಯ ಹಾಸಿಗೆಯಲ್ಲಿ ಅವಳ ತಾಯಿ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಸೊಂಟದಿಂದ ಮೇಲೆ, ವಿಶೇಷವಾಗಿ ಬಾಯಿ, ಚೆನ್ನಾಗಿತ್ತು. ನನ್ನ ಕೋಣೆ ಗೋಡೆಯ ಆಚೆ. ಆ ಮುದುಕಿಯ ಬೈಗುಳ ಕೇಳಿಯೇ ನಾನು ಬೆಳಗ್ಗೆ ಏಳುತ್ತಿದ್ದೆ.

ಪಾಠವಾದ ಕೆಲವು ದಿನಗಳ ಮೇಲೆ, ಒಂದು ಸಂಜೆ, ಗೋಡೆ ಬಡಿದು ಅಕ್ಕ ಕರೆದಳು. “ಸ್ವಲ್ಪ ಬಾ ಇಲ್ಲಿ. ಬೇಗ.”

ಹೋದೆ. ಬ್ಯಾಟರಿ ಬಾಗಿಲ ಪಕ್ಕ ಕೂತಿತ್ತು. ಪ್ಲಗ್ಗು ಕಿತ್ತಿದ್ದಳು. ಆದರೂ ಮುಟ್ಟಿದರೆ ಜ್ವರದ ಮೈಯಂತೆ ಸುಡುತ್ತಿತ್ತು. ಹಲ್ಲುನೋವಿಗೆ ಊದಿದ ಕೆನ್ನೆಯಂತೆ ಅದರ ಒಂದು ಮಗ್ಗುಲು ಉಬ್ಬಿತ್ತು.

ಒಳಗಿನಿಂದ ತಾಯಿ, “ಏನೇ ಅದು, ಹಣ್ಣಿನ ವಾಸನೆ? ಹಣ್ಣು ತಂದಿದೀಯಾ?” ಎಂದಳು.

“ಇಲ್ಲಮ್ಮ.”

“ಸುಳ್ಳು ಹೇಳ್ಬೇಡ ಮುಂಡೇದೇ. ಕಾಲು ಸತ್ತಿರೋದು, ಮೂಗು ಸತ್ತಿಲ್ಲ ನನಗೆ. ಎಷ್ಟು ದಿನ ಆಯ್ತು ಹಣ್ಣು ಕಂಡು. ಕೊಡೇ ಒಂದು.”

ವಾಸನೆ ಬರುತ್ತಿದ್ದದ್ದು ಬ್ಯಾಟರಿಯ ಸೀಳಿನಿಂದ. ಸಿಹಿಯಾಗಿ, ಕೊಳೆತ ಹಣ್ಣಿನಂತೆ. ಅಕ್ಕ ಫೋನು ತೆರೆದು ಕಂಪನಿಯ ಆ್ಯಪು ತೋರಿಸಿದಳು. ‘ಬ್ಯಾಟರಿಯ ಆರೋಗ್ಯ: ಉತ್ತಮ’ ಎಂದಿತ್ತು. ಪಕ್ಕದಲ್ಲೊಂದು ನಗುವ ಮುಖ.

ಇಬ್ಬರೂ ದಪ್ಪ ಗೋಣಿ ಹಿಡಿದು ಅದನ್ನೆತ್ತಿ, ಹೊರಗೆ ಮರಳಿನ ಗುಡ್ಡೆಯ ಮೇಲಿಟ್ಟೆವು. ವಾಪಸು ಬಂದಾಗ ತಾಯಿಗೆ ವಿಷಯ ಗೊತ್ತಾಗಿತ್ತು. ಬೈಯಲಿಲ್ಲ. ಅದಕ್ಕೇ ನಮಗೆ ಹೆದರಿಕೆಯಾಯಿತು.

“ಅದು ಹೊತ್ಕೊಂಡಿದ್ರೆ ನನ್ನನ್ನ ಯಾವ ಕಡೆಯಿಂದ ಎತ್ಕೊಂಡು ಹೋಗ್ತಿದ್ದೆ ಮಗಳೇ? ಬಾಗಿಲಲ್ಲೇ ಕೂತಿತ್ತಲ್ಲ ಅದು.”

ಅಕ್ಕ ಬಾಗಿಲನ್ನು ನೋಡಿದಳು, ಪ್ಲಗ್ಗನ್ನು ನೋಡಿದಳು, ಹಾಸಿಗೆಯನ್ನು ನೋಡಿದಳು.

ಬೆಳಗ್ಗೆ ಗಾರೆ ಹೊರುವ ಬಾಂಡ್ಲಿಯೊಂದನ್ನು ಬೇಡಿ ತಂದು, ಮರಳು ತುಂಬಿ, ಬ್ಯಾಟರಿಯನ್ನು ಅದರಲ್ಲಿ ಹುದುಗಿಸಿದಳು. ಬಾಂಡ್ಲಿಯನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು ಶೆಡ್ಡಿನವರೆಗೂ ತಳ್ಳಿಕೊಂಡು ಹೋದೆವು. ದಾರಿಯಲ್ಲಿ ಒಬ್ಬ ಕಾರಿನವನು ಗಾಜಿಳಿಸಿ, “ಪೆಟ್ರೋಲ್ ಖಾಲಿನಾ?” ಎಂದು ನಕ್ಕ. ಅವನ ಅಜ್ಜಿಗೊಂದು ಬೈಗುಳ ಕಳಿಸಿ ಅಕ್ಕ ಮುಂದೆ ತಳ್ಳಿದಳು.

ಗಾಜಿನ ಬಾಗಿಲ ಹೊರಗೆ ಗಾಡಿ ನಿಲ್ಲಿಸಿ ಒಳಗೆ ಹೋದಳು. ಬಾಗಿಲನ್ನು ನಾನು ಹಿಡಿದುಕೊಂಡು ನಿಂತೆ. ಮುಂಜಾನೆಯ ಪಾಳಿಯವರೆಲ್ಲ ಅಂಗಳದಲ್ಲಿದ್ದರು.

“ಉಬ್ಬಿದೆ ಸಾರ್. ವಾಸನೆ ಬರ್ತಿದೆ. ಹೇಳಿ ಅಂದಿದ್ರಲ್ಲ, ಹೇಳ್ತಿದೀನಿ. ಬೇರೆ ಕೊಡಿ.”

ನೀತಿಪಾಠ ಬ್ಯಾಟರಿ ಎಲ್ಲಿ ಎಂದು ಕೇಳಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದ. “ಉತ್ತಮ ಅಂತಿದೆ. ನಿನ್ನ ಆರೋಗ್ಯಕ್ಕಿಂತ ಚೆನ್ನಾಗಿದೆ.”

“ಕಣ್ಣಲ್ಲಿ ನೋಡಿ ಸಾರ್ ಒಂದ್ಸಲ.”

“ನೋಡೋದೇನು? ಉಬ್ಬಿದ್ರೆ ನೀರು ಹೋಗಿರುತ್ತೆ. ಪೈಪಲ್ಲಿ ನೀರು ಹೊಡೆದೋಳು ಯಾರು? ನೀನು. ಹೊಡೀಬೇಡಿ ಅಂತ ಗೋಡೆ ಮೇಲೆ ಬರ್ಸಿಲ್ವಾ ನಾನು?”

ಅಂಗಳದಲ್ಲಿ ಯಾರೋ ಥೂ ಎಂದು ಉಗಿದರು.

“ಬೇರೆ ಗೀರೆ ಇಲ್ಲ. ಮನೆಗೆ ತಗೊಂಡ್ಹೋಗು, ಚೆನ್ನಾಗಿ ಒರೆಸು, ಚಾರ್ಜಿಗೆ ಹಾಕು. ಮಧ್ಯಾಹ್ನದೊಳಗೆ ರೋಡಲ್ಲಿಲ್ಲ ಅಂದ್ರೆ ನಿನ್ನ ಐಡಿ ಇರಲ್ಲ.”

“ಮನೇಲಿ ನಮ್ಮಮ್ಮ ಇದಾಳೆ ಸಾರ್. ಎದ್ದು ಓಡೋಕಾಗಲ್ಲ ಅವಳಿಗೆ.”

“ಎಲ್ಲರ ಮನೇಲೂ ಅಮ್ಮ ಇರ್ತಾಳೆ. ಅಳ್ತಾ ಬರ್ಬೇಡ ಬೆಳಗ್ಗೆ ಬೆಳಗ್ಗೆ. ಏನೂ ಆಗಲ್ಲ ಹೋಗೆ.”

“ಏನೂ ಆಗಲ್ವಾ?”

“ಏನೂ ಆಗಲ್ಲ. ನಾನು ಹೇಳ್ತಿದೀನಲ್ಲ?”

ಅಕ್ಕ ಹೊರಗೆ ಬಂದಳು. ಅತ್ತಿರಲಿಲ್ಲ. ಬಾಂಡ್ಲಿಯನ್ನು ಎರಡೂ ಕೈಯಲ್ಲಿ ಎತ್ತಿ ಸೊಂಟಕ್ಕಾನಿಸಿಕೊಂಡು ಮತ್ತೆ ಒಳಗೆ ಹೋದಳು. ಬಾಗಿಲ ಪಕ್ಕ, ಪ್ಲಗ್ಗಿನ ಕೆಳಗೆ, ಒಬ್ಬರೂ ದಾಟಿ ಹೋಗದಂತೆ ಅದನ್ನು ಅಡ್ಡಲಾಗಿ ಇಳಿಸಿದಳು. ಮರಳು ಕೆದರಿದಳು. ಹಣ್ಣಿನ ವಾಸನೆ ತಣ್ಣನೆಯ ಕೋಣೆ ತುಂಬಿತು.

ನೀತಿಪಾಠನ ಕುರ್ಚಿಗೆ ಗಾಲಿಗಳಿದ್ದವು. ಅದು ತಾನಾಗಿಯೇ ಎಂಬಂತೆ ಹಿಂದಿನ ಗೋಡೆಯವರೆಗೂ ಉರುಳಿತು.

“ಏಯ್! ತಲೆ ಕೆಟ್ಟಿದೆಯೇನೇ ನಿನಗೆ? ತೆಗಿ, ತೆಗಿ ಆಚೆ!”

“ಕಿರುಚ್ಬೇಡಿ ಸಾರ್. ಮಗು ಮಲಗಿದೆ.”

ಸ್ವಿಚ್ಚು ಆರಿಸಿ, ಅವನ ಫೋನಿನ ಚಾರ್ಜರನ್ನು ಕಿತ್ತು ಮೇಜಿನ ಮೇಲಿಟ್ಟಳು. ಬೆನ್ನಚೀಲದಿಂದ ಬ್ಯಾಟರಿಯ ಚಾರ್ಜರ್ ತೆಗೆದು, ಒಂದು ತುದಿಯನ್ನು ಬ್ಯಾಟರಿಗೆ, ಇನ್ನೊಂದನ್ನು ಪ್ಲಗ್ಗಿಗೆ ಸಿಕ್ಕಿಸಿದಳು. ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು.

“ಇವಳನ್ನ ಎಳ್ದು ಹಾಕ್ರೋ ಆಚೆ!” ನೀತಿಪಾಠ ಗಾಜಿನಾಚೆ ಇದ್ದ ನಮ್ಮನ್ನು ನೋಡಿ ಕೂಗಿದ. “ಏನ್ ನಾಟಕ ನೋಡ್ತಿದೀರ, ನನ್ಮಕ್ಳಾ! ಎಲ್ಲರ ಐಡೀನೂ ಹೋಗುತ್ತೆ!”

ಮೆಕ್ಯಾನಿಕ್ ಮಾವ ಕುಂಟುತ್ತಾ ಹತ್ತಿರದ ಸ್ಕೂಟರಿಗೆ ಹೋಗಿ ಸೀಟು ಎತ್ತಿದ. ಟಕ್ ಎಂದಿತು. ಬ್ಯಾಟರಿ ಹೊರತೆಗೆದು ತಂದು ಗಾಜಿನ ಗೋಡೆಗೆ ಒರಗಿಸಿಟ್ಟ. ಆಮೇಲೆ ಇನ್ನೊಂದು ಸೀಟು ಟಕ್ ಎಂದಿತು. ಮತ್ತೊಂದು. ಯಾರೂ ಯಾರಿಗೂ ಹೇಳಿರಲಿಲ್ಲ. ನಾವೆಲ್ಲ ತೊಳೆದು ಹೊಳೆಸಿದ್ದ ಮಕ್ಕಳು ಒಂದೊಂದಾಗಿ ಬಂದು ಗಾಜಿಗೆ ಬೆನ್ನು ಕೊಟ್ಟು ಕೂತವು.

“ಒಂದೇ ಮಾತು ಹೇಳಿ ಸಾರ್” ಎಂದಳು ಅಕ್ಕ. ದನಿ ಏರಿರಲಿಲ್ಲ. “ಹಾಕು ಅನ್ನಿ, ಹಾಕ್ತೀನಿ. ನಾನೂ ಇಲ್ಲೇ ಕೂತಿರ್ತೀನಿ, ನೀವೂ ಕೂತಿರಿ. ಬೇಡ ಅನ್ನಿ, ಹಾಕಲ್ಲ. ಆದ್ರೆ ಯಾಕೆ ಬೇಡ ಅಂತ ಇವರಿಗೆಲ್ಲ ಕೇಳೋ ಹಂಗೆ ಗಟ್ಟಿಯಾಗಿ ಹೇಳಿ.”

ನೀತಿಪಾಠ ಬಾಯಿ ತೆರೆದ. ಹಾಕು ಎನ್ನಲು ನಾಲಿಗೆ ಏಳಲಿಲ್ಲ. ಬೇಡ ಎಂದರೆ ಆ ಮಾತು ಗಾಜು ದಾಟಿ, ಅಂಗಳ ದಾಟಿ, ನಮ್ಮ ನಮ್ಮ ಕೋಣೆಗಳಿಗೆ ನಡೆದುಕೊಂಡು ಹೋಗುತ್ತಿತ್ತು. ಇನ್ನೊಂದು ಬಾಗಿಲಿಗಾಗಿ ಅವನ ಕಣ್ಣುಗಳು ನಾಲ್ಕೂ ಗೋಡೆ ಸುತ್ತಿ ಬಂದವು.

ಆ ಕೋಣೆಗೂ ಇದ್ದದ್ದು ಒಂದೇ ಬಾಗಿಲು.

“ಹಾಕ್ಲಾ ಸಾರ್?”