ಸ್ಪ್ರಿಂಗು ಯಾವ ಕಡೆ

ಆ ಹೆಬ್ಬೆರಳು, ಹಳೆಯ ಆಯಿಲ್ ಸೀಲಿನ ರಬ್ಬರ್ ಬಳೆಯೊಳಗೆ ಒಂದು ಸುತ್ತು, ಮತ್ತೊಂದು ಸುತ್ತು, ಗ್ರೀಸು ಮೆತ್ತಿದರೂ ಎಷ್ಟು ನಾಜೂಕು, ಅಂಚು ಹರದೈತ್ರಿ ದಾದಾ, ಅನ್ನುತ್ತಾಳೆ ಪ್ರಾಜಕ್ತಾ, ಕಾಗವಾಡದ ಈ ಬೇರಿಂಗ್ ಅಂಗಡಿಯ ಒಡತಿ, ದಾದಾನಂತೆ, ಅಣ್ಣನಂತೆ! ಉಜ್ವಲಾ ಕೌಂಟರಿಗೆ ಇನ್ನಷ್ಟು ಹತ್ತಿರ ಸರಿದು ನಿಂತಳು, ಪಕ್ಕದ ಸ್ಟೂಲಿನ ಮೇಲೆ ಗಂಡ ವಿಶಾಲ ಬೀಗರ ಮನೆಗೆ ಬಂದವನ ಹಾಗೆ ಕೂತಿದ್ದಾನೆ, ಇಸ್ತ್ರಿ ಅಂಗಿ, ತಲೆಗೆ ಎಣ್ಣೆ, ದ್ರಾಕ್ಷಿಗೆ ಔಷಧ ಹೊಡೆಯುವ ಬ್ಲೋವರಿನ ಸೀಲು ತರಲು ಯಾರಾದರೂ ಇಸ್ತ್ರಿ ಅಂಗಿ ಹಾಕುತ್ತಾರೆಯೇ, ಮನೆಗೆ ಹತ್ತಿರ ಅಥಣಿ, ಅಲ್ಲೂ ಸಿಗುತ್ತದೆ, ಅಲ್ಲಿ ಡುಪ್ಲಿಕೇಟ್ ಕೊಡ್ತಾರ ಅಂತಾನೆ, ಇಲ್ಲಿಯ ಒರಿಜಿನಲ್ ಏನು ಬಾಳಿತು, ಪಂಪು ಎಣ್ಣೆ ಸೋರುತ್ತಲೇ ಇದೆ, ಇವನು ಬರುತ್ತಲೇ ಇದ್ದಾನೆ, ಮೊನ್ನೆ ಬೋಲ್ಟು ಬೇಕಂತ, ಅದಕ್ಕೂ ಮೊದಲು ಬೇರಿಂಗ್ ಕೂಗಾಕತ್ತೈತಿ ಅಂತ, ಕೂಗುವುದು ಯಾರೆಂದು ತನಗೆ ತಿಳಿಯದೇ — ಅದಕ್ಕೇ ಇಂದು ತಾನೂ ಗಾಡಿ ಹತ್ತಿದ್ದು, ನೀ ಯಾಕ ಬರ್ತಿ ಬಿಸಲಾಗ, ಅಂದಿದ್ದ, ಎಂದೂ ಇಲ್ಲದ ಕಾಳಜಿ! ಮದುವೆಯಾದಾಗಿನಿಂದ ತನ್ನ ಯಾವ ಮಾತನ್ನು ಹೀಗೆ ಕಣ್ಣು ಮಿಟುಕಿಸದೆ ಕೇಳಿದ್ದಾನೆ ಇವನು — ವೈನಿ, ನೀವರ ಹೇಳ್ರಿ ಇವರಿಗೆ, ಅತ್ತಿಗೆ ಅಂತ ಕರೆದು ಪ್ರಾಜಕ್ತಾ ಹೊಸ ಸೀಲನ್ನು ಉಜ್ವಲಾಳ ಅಂಗೈಯಲ್ಲೇ ಇಟ್ಟಳು, ಈ ಸ್ಪ್ರಿಂಗ್ ಎಣ್ಣಿ ಕಡೆ ಇರಬೇಕು, ಪ್ರತಿ ಸಲ ಹೇಳ್ತೀನಿ, ಪ್ರತಿ ಸಲ ಉಲ್ಟಾನ ಹಾಕಿ ಸೋರಸ್ತಾರ, ಅಂದು ನಕ್ಕಳು, ಕಪಟವಿಲ್ಲದ ನಗು, ಪಾಪ, ಅವಳಿಗೇನೂ ಗೊತ್ತಿಲ್ಲ, ಅದೇ ಇನ್ನೂ ಉರಿ, ಮನಸಾರೆ ಬೈಯುವುದಕ್ಕೂ ಬಾರದ ಹಾಗೆ ಮಾಡಿಬಿಟ್ಟಳಲ್ಲ ಈ ಹುಡುಗಿ.

ಈಗ ಮನೆ, ಅಂಗಳದಲ್ಲಿ ಬ್ಲೋವರು, ಬಿಚ್ಚಿದ ಪಂಪು, ವಿಶಾಲ ಕುಕ್ಕರುಗಾಲಿನಲ್ಲಿ ಕೂತು ಸೀಲು ಕೂರಿಸುತ್ತಿದ್ದಾನೆ, ಸ್ಪ್ರಿಂಗು ಹೊರಗೆ, ಅವಳ ಕಣ್ಣೆದುರೇ ಹೊರಗೆ, ಊರಿನವರ ಮೋಟರೆಲ್ಲ ರಿಪೇರಿ ಮಾಡುವ ಕೈ ಅದು, ಆದರೂ ಮರೆತಿರಬೇಕು, ದೇವರೇ, ಮರೆತಿರಲಿ, ದಡ್ಡನೇ ಆಗಿರಲಿ, ದಡ್ಡ ಗಂಡನ ಜೊತೆ ಬಾಳುವೆ ಮಾಡಬಹುದು — ಸ್ಪ್ರಿಂಗ್ ಎಣ್ಣಿ ಕಡೆ ಬರಬೇಕಲ್ರಿ, ಅಂದಳು. ಗೊತ್ತೈತಿ, ಅಂದ, ತಲೆ ಎತ್ತಲಿಲ್ಲ, ಸೀಲು ತಿರುಗಿಸಲೂ ಇಲ್ಲ, ಸುತ್ತಿಗೆ ತಗೊಂಡು ಮೆಲ್ಲಗೆ ಬಡಿಯತೊಡಗಿದ, ಗೊತ್ತೈತಂತೆ, ಗೊತ್ತಿದ್ದೇ, ಪ್ರತಿ ಸಲ ಗೊತ್ತಿದ್ದೇ, ಆ ಹೆಬ್ಬೆರಳು, ಬಳೆಯೊಳಗೆ ಆ ಹೆಬ್ಬೆರಳು —